ಗಟ್ಟಿಯೂ ಆಗಬೇಕು, ಹರಿಯಲೂ ಬೇಕು

ಒಂದು ಚೊಂಬು ನೀರಿಗೆ ಒಂದು ಹಿಡಿ ನುಣ್ಣನೆಯ ಮರಳನ್ನು ಹಾಕಿ ಕದಡಿದರೆ ನೀರು ನೀರಿನಂತೆಯೇ ಹರಿಯುತ್ತದೆ. ಇನ್ನೊಂದು ಹಿಡಿ ಹಾಕಿದರೂ ಹೆಚ್ಚಿನ ವ್ಯತ್ಯಾಸ ತೋರದು. ಹೀಗೆ ಹಿಡಿಯ ಮೇಲೆ ಹಿಡಿ ಸೇರಿಸುತ್ತ ಹೋದಂತೆ ನೀರು ಕೆಸರಾಗಿ, ಕೆಸರು ಮಂದವಾಗಿ, ಕೊನೆಗೆ ಯಾವುದೋ ಒಂದು ಹಿಡಿ ಬಿದ್ದೊಡನೆ ಹರಿಯುವುದನ್ನೇ ಬಿಟ್ಟುಬಿಡುತ್ತದೆ. ಚೊಂಬನ್ನು ಬೋರಲು ಹಾಕಿದರೆ ಅದು ಮುದ್ದೆಯಾಗಿ ನೆಲಕ್ಕೆ ಬೀಳುತ್ತದೆ. ಆ ಕೊನೆಯ ಹಿಡಿ ಮೊದಲನೆಯ ಹಿಡಿಗಿಂತ ದೊಡ್ಡದೇನೂ ಆಗಿರಲಿಲ್ಲ. ಆದರೂ ಮೊದಲ ಹಿಡಿಗೆ ಅಲುಗಾಡದ ನೀರು ಕೊನೆಯ ಹಿಡಿಗೆ ಏಕೆ ಸೋತಿತು?

ಮಕ್ಕಳ ಆಟದಂತೆ ತೋರುವ ಈ ಪ್ರಶ್ನೆಯನ್ನು ಪ್ಲಾಸ್ಟಿಕ್ಕು ಮತ್ತು ರಬ್ಬರಿನ ಕಾರ್ಖಾನೆಗಳವರು ದಿನವೂ ಎದುರಿಸಬೇಕಾಗಿದೆ. ನಾವು ಕುಳಿತುಕೊಳ್ಳುವ ಪ್ಲಾಸ್ಟಿಕ್ ಕುರ್ಚಿ, ಮನೆಗೆ ನೀರು ತರುವ ಕೊಳವೆ, ಬಸ್ಸಿನ ಟೈರು—ಇವುಗಳಲ್ಲಿ ಬಹುಪಾಲು ಶುದ್ಧ ಪಾಲಿಮರಿನಿಂದ ಆದುವಲ್ಲ. ಪಾಲಿಮರೆಂದರೆ ಮಣಿಗಳನ್ನು ಪೋಣಿಸಿದ ಸರದಂತೆ ಸಾವಿರಾರು ಚಿಕ್ಕ ಘಟಕಗಳು ಒಂದಕ್ಕೊಂದು ಸೇರಿ ಆದ ಉದ್ದನೆಯ ಅಣು. ಇಂಥ ಕೋಟ್ಯನುಕೋಟಿ ಅಣುಗಳು ತಟ್ಟೆಯಲ್ಲಿನ ಶಾವಿಗೆಯಂತೆ ಒಂದರೊಳಗೊಂದು ಸಿಕ್ಕಿಕೊಂಡು ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಮೈಯಾಗಿರುತ್ತವೆ. ಈ ಮೈಗೆ ಸುಣ್ಣಕಲ್ಲಿನ ಪುಡಿ, ಬಳಪದ ಕಲ್ಲಿನ ಪುಡಿ, ಅಭ್ರಕ, ಜೇಡಿಮಣ್ಣು, ಮಸಿ, ಗಾಜಿನ ತುಂಡೆಳೆ ಮುಂತಾದುವನ್ನು ಬೆರೆಸುತ್ತಾರೆ. ಕಾರ್ಖಾನೆಗಳಲ್ಲಿ ಇವನ್ನು ‘ಫಿಲ್ಲರ್’ ಎಂದು ಕರೆಯುವುದು ವಾಡಿಕೆ. ನಾವು ಭರ್ತಿಪುಡಿ ಎಂದು ಹೇಳೋಣ. ಪಾಲಿಮರೂ ಭರ್ತಿಪುಡಿಯೂ ಸೇರಿ ಆದುದು ಮಿಶ್ರವಸ್ತು.

ಪುಡಿಯನ್ನು ಬೆರೆಸುವುದು ಕೇವಲ ಬೆಲೆ ಇಳಿಸುವ ಕಲಬೆರಕೆಯೆಂದು ಭಾವಿಸಬಾರದು. ಸುಣ್ಣಕಲ್ಲು ಅಗ್ಗವೆಂಬುದೇನೋ ನಿಜ. ಆದರೆ ಅದು ಕುರ್ಚಿಯ ಕಾಲನ್ನು ಬಾಗದಂತೆ ಬಿಗಿಗೊಳಿಸುವುದೂ ಅಷ್ಟೇ ನಿಜ. ಮಸಿಯಿಲ್ಲದ ರಬ್ಬರಿನ ಟೈರು ರಸ್ತೆಯ ಮೇಲೆ ಬಹುಬೇಗ ಸವೆದುಹೋಗುತ್ತದೆ. ಪುಡಿ ಹೆಚ್ಚಾದಷ್ಟೂ ವಸ್ತು ಬಿಗಿಯಾಗುತ್ತದೆಯೆಂದಾದರೆ ಬೇಕಾದಷ್ಟು ಬೆರೆಸಬಹುದಲ್ಲವೆ ಎಂದು ವಾಚಕರು ಕೇಳಬಹುದು. ತೊಡಕು ಇರುವುದು ಇಲ್ಲಿಯೇ. ವಸ್ತು ತಯಾರಾದ ಮೇಲೆ ಗಟ್ಟಿಯಾಗಿರಬೇಕು, ತಯಾರಾಗುವಾಗ ಹರಿಯಬೇಕು. ಕರಗಿದ ಪಾಲಿಮರು ಅಚ್ಚಿನ ಮೂಲೆಮೂಲೆಗೂ ಹೋಗಿ ತುಂಬದಿದ್ದರೆ ಕುರ್ಚಿಯೇ ಆಗದು. ಚಕ್ಕುಲಿ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಟ್ಟು ಸಡಿಲವಾದರೆ ಚಕ್ಕುಲಿ ಆಕಾರ ಹಿಡಿಯದು. ಬಿಗಿಯಾದರೆ ಒರಳನ್ನು ಒತ್ತಿ ಒತ್ತಿ ಕೈ ಸೋಲುತ್ತದೆ, ಎಳೆ ನಡುನಡುವೆ ತುಂಡಾಗುತ್ತದೆ. ಕೊಳವೆ ಮಾಡುವ ಯಂತ್ರವೂ ಬಹುಮಟ್ಟಿಗೆ ಒಂದು ದೊಡ್ಡ ಚಕ್ಕುಲಿ ಒರಳೇ ಆಗಿದೆ.

ದ್ರವವೊಂದು ಹರಿಯುವುದೆಂದರೆ ಅದರ ಪದರಗಳು ಒಂದರ ಮೇಲೊಂದು ಜಾರುವುದು. ಹೀಗೆ ಜಾರುವುದಕ್ಕೆ ದ್ರವವು ಒಡ್ಡುವ ತಡೆಗೆ ಸ್ನಿಗ್ಧತೆಯೆಂದು ಹೆಸರು. ನೀರಿನ ಸ್ನಿಗ್ಧತೆ ಅಲ್ಪ, ಹರಳೆಣ್ಣೆಯದು ಹೆಚ್ಚು, ಜೋನಿಬೆಲ್ಲದ್ದು ಇನ್ನೂ ಹೆಚ್ಚು. ದ್ರವದಲ್ಲಿ ಗಟ್ಟಿ ಕಣಗಳು ಸೇರಿದರೆ ಸ್ನಿಗ್ಧತೆ ಎಷ್ಟು ಏರುತ್ತದೆ ಎಂಬುದನ್ನು ಮೊತ್ತಮೊದಲು ಲೆಕ್ಕಹಾಕಿದವನು ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಯಾವ ಸಂಬಂಧವೂ ಇಲ್ಲದ ಒಬ್ಬ ತರುಣ. ಅವನು ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರನಾಗಿದ್ದ ಆಲ್ಬರ್ಟ್ ಐನ್‌ಸ್ಟೈನ್.

1905ರಲ್ಲಿ ಐನ್‌ಸ್ಟೈನನು ಜ್ಯೂರಿಕ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದ ಉದ್ದೇಶ ಅಣುಗಳ ಗಾತ್ರವನ್ನು ಕಂಡುಹಿಡಿಯುವುದಾಗಿತ್ತು. ಸಕ್ಕರೆ ಕರಗಿದ ನೀರು ಬರಿಯ ನೀರಿಗಿಂತ ಮಂದವಾಗಿರುತ್ತದೆ. ಸಕ್ಕರೆಯ ಅಣುಗಳನ್ನು ಚಿಕ್ಕ ಚಿಕ್ಕ ಗಟ್ಟಿ ಗುಂಡುಗಳೆಂದು ಭಾವಿಸಿ, ನೀರು ಎಷ್ಟು ಮಂದವಾಯಿತು ಎಂಬುದರಿಂದ ಆ ಗುಂಡುಗಳ ಅಳತೆಯನ್ನು ತಿಳಿಯಬಹುದೆಂದು ಅವನು ಊಹಿಸಿದನು. ಅದಕ್ಕಾಗಿ ಅವನು ಕಟ್ಟಿದ ಸೂತ್ರ ಬಹು ಸರಳವಾದುದು. ಒಟ್ಟು ಜಾಗದಲ್ಲಿ ಗುಂಡುಗಳು ನೂರಕ್ಕೆ ಎಷ್ಟು ಪಾಲನ್ನು ಆಕ್ರಮಿಸಿವೆಯೋ ಸ್ನಿಗ್ಧತೆಯೂ ನೂರಕ್ಕೆ ಅಷ್ಟೇ ಏರುತ್ತದೆ ಎಂದು 1906ರಲ್ಲಿ ಅಚ್ಚಾದ ಲೇಖನದಲ್ಲಿತ್ತು.

ಪ್ಯಾರಿಸ್ಸಿನಲ್ಲಿ ಜ್ಯಾಂ ಪೆರ್‍ಯಾಂ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಬಾಂಸ್‌ಲ್ಯಾಂ ಎಂಬಾತನು ಇದನ್ನು ಪರೀಕ್ಷಿಸಿ ನೋಡಿದನು. ಅವನು ಆರಿಸಿಕೊಂಡ ಕಣಗಳು ಗ್ಯಾಂಬೋಜ್ ಎಂಬ ಹಳದಿ ರಾಳದವು. ನಮ್ಮ ಪಶ್ಚಿಮ ಘಟ್ಟದ ಮುರುಗಲು, ಉಪ್ಪಾಗೆಗಳ ಕುಲಕ್ಕೇ ಸೇರಿದ ಮರಗಳು ಕೊಡುವ ರಾಳವದು; ನೀರಿನಲ್ಲಿ ಉಜ್ಜಿದರೆ ನುಣುಪಾದ ಗುಂಡುಕಣಗಳಾಗಿ ಹರಡಿಕೊಳ್ಳುತ್ತದೆ. ಅಳೆದು ನೋಡಿದರೆ ಸ್ನಿಗ್ಧತೆಯ ಏರಿಕೆ ಸೂತ್ರ ಹೇಳಿದ್ದಕ್ಕಿಂತ ಸುಮಾರು ನಾಲ್ಕು ಪಟ್ಟು! ಐನ್‌ಸ್ಟೈನನು ತನ್ನ ಲೆಕ್ಕವನ್ನು ಮತ್ತೆ ನೋಡಿದನು, ತಪ್ಪು ಕಾಣಲಿಲ್ಲ. ತನ್ನ ಕಣ್ಣಿಗೆ ತನ್ನ ತಪ್ಪು ಕಾಣುವುದು ಕಷ್ಟವೆಂಬುದು ಐನ್‌ಸ್ಟೈನನಿಗೂ ತಪ್ಪಿದ್ದಲ್ಲ. ಕೊನೆಗೆ ಲೂಟ್‌ವಿಗ್ ಹಾಪ್ಫ್ ಎಂಬ ಕಿರಿಯ ಸಹೋದ್ಯೋಗಿಗೆ ಆ ಕೆಲಸವನ್ನು ಒಪ್ಪಿಸಿದನು. ಹಾಪ್ಫನು ಬೀಜಗಣಿತದ ಒಂದು ಜಾರುಹೆಜ್ಜೆಯನ್ನು ಹುಡುಕಿ ತೆಗೆದನು. 1911ರಲ್ಲಿ ತಿದ್ದುಪಡಿ ಪ್ರಕಟವಾಯಿತು: ಗುಂಡುಗಳು ಆಕ್ರಮಿಸಿದ ಪಾಲಿನ ಎರಡೂವರೆ ಪಟ್ಟಿನಷ್ಟು ಸ್ನಿಗ್ಧತೆ ಏರುತ್ತದೆ. ನೂರಕ್ಕೆ ನಾಲ್ಕು ಪಾಲು ಗುಂಡುಗಳಿದ್ದರೆ ಸ್ನಿಗ್ಧತೆ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಒಂದು ರಬ್ಬರು ಕಾರ್ಖಾನೆಯಲ್ಲಿಯೂ ಕಾಲಿಡದೆ ಹುಟ್ಟಿದ ಈ ಎರಡೂವರೆಯ ಲೆಕ್ಕದಿಂದಲೇ ಇಂದಿಗೂ ಮಿಶ್ರವಸ್ತುಗಳ ಹರಿವಿನ ಪಾಠ ಮೊದಲಾಗುತ್ತದೆ.

ಎರಡೂವರೆಯೇ ಏಕೆ? ದ್ರವದ ಪದರಗಳು ಜಾರುವಾಗ ಅದರೊಳಗಿನ ಪ್ರತಿಯೊಂದು ತುಣುಕೂ ಎಳೆದು ಓರೆಯಾಗುತ್ತದೆ. ಗಟ್ಟಿಯಾದ ಗುಂಡು ಹಾಗೆ ಓರೆಯಾಗಲಾರದು. ಅದು ಉರುಳಬಲ್ಲುದು, ಅಷ್ಟೆ. ಗುಂಡು ಮಾಡಲಾರದ ಕೆಲಸವನ್ನು ಸುತ್ತಲಿನ ದ್ರವ ಮಾಡಬೇಕಾಗುತ್ತದೆ. ಅದು ಗುಂಡನ್ನು ಬಳಸಿಕೊಂಡು ಹೋಗುವಾಗ ಇಮ್ಮಡಿಗೂ ಮಿಕ್ಕು ತಿಕ್ಕಾಡುತ್ತದೆ. ಈ ಸೂತ್ರದಲ್ಲಿ ಗಮನಿಸಬೇಕಾದ ಸೋಜಿಗವೊಂದುಂಟು. ಗುಂಡಿನ ಅಳತೆಯ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಸಾಸಿವೆಯಷ್ಟಿರಲಿ, ಸಾಸಿವೆಯ ಸಾವಿರದಲ್ಲೊಂದು ಪಾಲಿರಲಿ, ಒಟ್ಟಾಗಿ ಆಕ್ರಮಿಸಿದ ಜಾಗ ಒಂದೇ ಆದರೆ ಪರಿಣಾಮವೂ ಒಂದೇ.

ಇಲ್ಲಿ ತೂಕವನ್ನು ನಂಬಿ ಮೋಸಹೋಗುವವರು ಹಲವರು. ಪುಡಿಯನ್ನು ನಾವು ಕೊಳ್ಳುವುದೂ ಬೆರೆಸುವುದೂ ತೂಕದಿಂದ. ಆದರೆ ಹರಿವಿಗೆ ಗೊತ್ತಿರುವುದು ಜಾಗದ ಲೆಕ್ಕವೊಂದೇ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು ನೀರಿಗಿಂತ ಹಗುರ. ಸುಣ್ಣಕಲ್ಲು ಅದರ ಮೂರು ಪಟ್ಟು ಭಾರ. ನೂರು ಕಿಲೋಗ್ರಾಂ ಮಿಶ್ರಣದಲ್ಲಿ ನಲವತ್ತು ಕಿಲೋಗ್ರಾಂ ಸುಣ್ಣಕಲ್ಲಿನ ಪುಡಿಯಿದ್ದರೂ ಅದು ಹಿಡಿದಿರುವ ಜಾಗ ನೂರಕ್ಕೆ 18 ಮಾತ್ರ. ತೂಕದಲ್ಲಿ ಹೆಚ್ಚುಕಡಮೆ ಅರ್ಧ ಕಲ್ಲಾಗಿದ್ದರೂ ಆ ಪ್ಲಾಸ್ಟಿಕ್ಕು ಅಚ್ಚಿನೊಳಕ್ಕೆ ಸರಾಗವಾಗಿ ಹರಿಯುವುದು ಇದರಿಂದಲೇ.

ಐನ್‌ಸ್ಟೈನನ ಸೂತ್ರ ನಿಜವಾಗಿ ಸಲ್ಲುವುದು ಗುಂಡುಗಳು ಒಂದರಿಂದೊಂದು ದೂರವಿದ್ದಾಗ ಮಾತ್ರ. ಸಂಖ್ಯೆ ಹೆಚ್ಚಿದಂತೆ ಒಂದು ಗುಂಡಿನ ಸುತ್ತಲಿನ ಕಲಕಾಟ ಪಕ್ಕದ ಗುಂಡಿಗೂ ತಟ್ಟುತ್ತದೆ. ಜಾತ್ರೆಯಲ್ಲಿ ಹತ್ತು ಜನರಿದ್ದಾಗ ಪ್ರತಿಯೊಬ್ಬನೂ ತನ್ನ ದಾರಿಯಲ್ಲಿ ಹೋಗುತ್ತಾನೆ. ರಥಬೀದಿ ತುಂಬಿದಾಗ ಒಬ್ಬ ಕದಲಬೇಕಾದರೆ ಹತ್ತು ಜನ ಕದಲಬೇಕು. ಗುಂಡುಗಳನ್ನು ಒಂದು ಪಾತ್ರೆಯಲ್ಲಿ ಹೇಗೆಂದರೆ ಹಾಗೆ ಸುರಿದು ಕುಲುಕಿದರೆ ಅವು ಪಾತ್ರೆಯ ಜಾಗದಲ್ಲಿ ನೂರಕ್ಕೆ ಸುಮಾರು 64 ಪಾಲನ್ನು ತುಂಬುತ್ತವೆ. ಉಳಿದ 36 ಪಾಲು ಸಂದುಗಳು. ಒಂದೇ ಅಳತೆಯ ಗುಂಡುಗಳಾದರೆ ಅವು ದೊಡ್ಡವಾಗಿದ್ದರೂ ಚಿಕ್ಕವಾಗಿದ್ದರೂ ಈ ಸಂಖ್ಯೆ ಹೆಚ್ಚಾಗಿ ಬದಲಾಗದು. ಇದೇ ಗೋಡೆ. ಮಿಶ್ರಣ ಈ ಗೋಡೆಯನ್ನು ಸಮೀಪಿಸಿದಂತೆ ಗುಂಡಿಗೆ ಗುಂಡು ತಾಗಿ ಹರಿವು ನಿಲ್ಲುತ್ತದೆ.

ಈ ಗೋಡೆಯನ್ನು ಲೆಕ್ಕದೊಳಗೆ ಸೇರಿಸಿ 1959ರಲ್ಲಿ ಅಮೆರಿಕದ ಕ್ರೀಗರ್ ಮತ್ತು ಡೌಗರ್ಟಿ ಎಂಬುವರು ಒಂದು ಸೂತ್ರವನ್ನು ಕೊಟ್ಟರು. ಅದರ ಪ್ರಕಾರ ನೂರಕ್ಕೆ 10 ಪಾಲು ಗುಂಡುಗಳಿದ್ದಾಗ ಸ್ನಿಗ್ಧತೆ ಸುಮಾರು 1.3 ಪಟ್ಟು, 30 ಪಾಲಿಗೆ 2.7 ಪಟ್ಟು, 50 ಪಾಲಿಗೆ 11 ಪಟ್ಟು, 60 ಪಾಲಿಗೆ 80 ಪಟ್ಟಿಗೂ ಮೇಲೆ. ಮೊದಲ ಹತ್ತು ಪಾಲು ಸೇರಿದಾಗ ಆದ ಏರಿಕೆಯನ್ನೂ ಕೊನೆಯ ಹತ್ತು ಪಾಲು ಸೇರಿದಾಗ ಆದ ಏರಿಕೆಯನ್ನೂ ಹೋಲಿಸಿ ನೋಡಿದರೆ, ನಮ್ಮ ಚೊಂಬಿನಲ್ಲಿ ಕೊನೆಯ ಹಿಡಿ ಮರಳು ಮಾಡಿದ ಪವಾಡ ಏನೆಂಬುದು ತಿಳಿಯುತ್ತದೆ.

ಇಷ್ಟು ಹೊತ್ತೂ ನಾವು ಕಣಗಳು ಉಂಡೆಯಾಗಿವೆಯೆಂದೂ, ಅವುಗಳಿಗೆ ಒಂದರ ಮೇಲೊಂದಕ್ಕೆ ಸ್ನೇಹವೂ ಇಲ್ಲ ದ್ವೇಷವೂ ಇಲ್ಲವೆಂದೂ ಭಾವಿಸಿದ್ದೆವು. ಟೈರಿನ ಕಾರ್ಖಾನೆಗೆ ಹೋದರೆ ಈ ಭಾವನೆ ನಿಲ್ಲುವುದಿಲ್ಲ.

ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡುವುದನ್ನು ನಮ್ಮ ಹಳ್ಳಿಗಳಲ್ಲಿ ಕಂಡವರುಂಟು. ಸಾಕಷ್ಟು ಗಾಳಿಯಿಲ್ಲದೆ ಎಣ್ಣೆ ಉರಿದರೆ ಮಸಿ ಹುಟ್ಟುತ್ತದೆ. ಕಾರ್ಬನ್ ಬ್ಲ್ಯಾಕ್ ಎಂಬ ಕಾರ್ಖಾನೆಯ ಮಸಿಯೂ ಇದೇ ಜಾತಿಯದು. ಮೊದಮೊದಲು ಟೈರುಗಳು ಬಿಳಿಯಾಗಿಯೋ ಬೂದಿಬಣ್ಣವಾಗಿಯೋ ಇದ್ದುವು. ಅವುಗಳಲ್ಲಿದ್ದ ಭರ್ತಿಪುಡಿ ಸತುವಿನ ಆಕ್ಸೈಡು. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನಿನ ರಬ್ಬರು ಕಾರ್ಖಾನೆಯಲ್ಲಿ ಎಸ್. ಸಿ. ಮೋಟ್ ಎಂಬಾತನು ಮಸಿಯಿಂದ ರಬ್ಬರಿಗೆ ಅಸಾಧಾರಣ ಬಲ ಬರುವುದೆಂಬುದನ್ನು ಕಂಡನು. ಕ್ರಮೇಣ ಲೋಕದ ಟೈರುಗಳು ಕಪ್ಪಾದುವು.

ಇಂದಿನ ಟೈರಿನ ಹೊರಮೈಯಲ್ಲಿ ನೂರು ತೂಕ ರಬ್ಬರಿಗೆ ಸಾಮಾನ್ಯವಾಗಿ ಐವತ್ತು ತೂಕದಷ್ಟು ಮಸಿ ಇರುತ್ತದೆ. ಜಾಗದ ಲೆಕ್ಕದಲ್ಲಿ ಅದು ಸುಮಾರು ಐದರಲ್ಲೊಂದು ಪಾಲು. ಕ್ರೀಗರನ ಸೂತ್ರವನ್ನು ಹಚ್ಚಿದರೆ ಸ್ನಿಗ್ಧತೆ ಇಮ್ಮಡಿಯೂ ಆಗಬಾರದು. ನಿಧಾನವಾಗಿ ಹರಿಯಿಸಿ ಅಳೆದರೆ ಅದು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಮಸಿಯ ಕಣ ಒಂಟಿ ಗುಂಡಲ್ಲ. ಒಂದು ಮಿಲಿಮೀಟರಿನ ಲಕ್ಷದಲ್ಲಿ ಕೆಲವು ಪಾಲಿನಷ್ಟು ಚಿಕ್ಕ ಗುಂಡುಗಳು ಹುಟ್ಟುವಾಗಲೇ ಒಂದಕ್ಕೊಂದು ಬೆಸೆದು ಒಣಗಿದ ಲಂಟಾನದ ಪೊದೆಯಂತೆ ಕವಲುಕವಲಾಗಿರುತ್ತವೆ. ಕವಲುಗಳ ಸಂದಿಯಲ್ಲಿ ಸಿಕ್ಕಿಬಿದ್ದ ರಬ್ಬರು ಹರಿಯಲಾರದೆ ಪೊದೆಯ ಜೊತೆಗೇ ಸಾಗುತ್ತದೆ. ಸಾಲದುದಕ್ಕೆ ಮಸಿಯ ಮೈಗೆ ರಬ್ಬರಿನ ಅಣುಗಳು ಅಂಟಿಕೊಳ್ಳುತ್ತವೆ. ರಬ್ಬರನ್ನು ಕರಗಿಸಬಲ್ಲ ದ್ರಾವಕದಲ್ಲಿ ದಿನಗಟ್ಟಲೆ ನೆನೆಸಿದರೂ ಆ ಅಂಟಿದ ಪಾಲು ಬಿಡುವುದಿಲ್ಲ. ಹರಿವಿನ ಪಾಲಿಗೆ ಈ ಸೆರೆಸಿಕ್ಕ ರಬ್ಬರೆಲ್ಲ ಭರ್ತಿಪುಡಿಯ ಲೆಕ್ಕಕ್ಕೇ ಸೇರಿತು. ಐದರಲ್ಲೊಂದು ಪಾಲೆಂದು ನಾವು ಹಾಕಿದ ಮಸಿ ತನ್ನ ಸುತ್ತಣ ಜಾಗವನ್ನೂ ಕಬಳಿಸಿ ಬೆಳೆದುಬಿಟ್ಟಿತು.

ಮಸಿಯ ಪೊದೆಗಳು ಒಂದನ್ನೊಂದು ಆಕರ್ಷಿಸುವುದೂ ಉಂಟು. ರಬ್ಬರು ಸುಮ್ಮನೆ ಇರುವಾಗ ಅವು ಕೈಕೈ ಹಿಡಿದು ಬಲೆಯಂತೆ ಹಬ್ಬಿರುತ್ತವೆ. ಸ್ವಲ್ಪವೇ ಬಲ ಹಾಕಿದರೆ ಈ ಬಲೆ ತಡೆಯುತ್ತದೆ. ಮಿಶ್ರಣ ಗಟ್ಟಿ ಪದಾರ್ಥದಂತೆ ವರ್ತಿಸುತ್ತದೆ. ಬಲ ಹೆಚ್ಚಿದರೆ ಬಲೆ ಹರಿದು ಮಿಶ್ರಣ ಹರಿಯತೊಡಗುತ್ತದೆ. ಬಿಟ್ಟರೆ ಮತ್ತೆ ನಿಧಾನವಾಗಿ ಬಲೆ ಕೂಡಿಕೊಳ್ಳುತ್ತದೆ. ಮಸಿ ತುಂಬಿದ ರಬ್ಬರನ್ನು ಮೊದಲ ಸಲ ಎಳೆಯುವಾಗಿನ ಬಿಗಿ ಎಳೆತ ಹೆಚ್ಚಿದಂತೆ ಕುಸಿಯುವುದನ್ನು 1960ರ ಬಳಿಯ ವರ್ಷಗಳಲ್ಲಿ ಎ. ಆರ್. ಪೇನ್ ಎಂಬ ಇಂಗ್ಲಿಷ್ ಸಂಶೋಧಕನು ವಿಶದವಾಗಿ ಅಭ್ಯಾಸ ಮಾಡಿದನು. ಇಂದು ಆ ಗುಣಕ್ಕೆ ಅವನ ಹೆಸರೇ ಇದೆ.

ಆದುದರಿಂದ, ‘ಈ ಮಿಶ್ರಣದ ಸ್ನಿಗ್ಧತೆ ಎಷ್ಟು?’ ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಎಷ್ಟು ವೇಗದಲ್ಲಿ ಹರಿಯಿಸುತ್ತೀರಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಪಾಲಿಮರಿನ ಅಣುಗಳೇ ವೇಗ ಹೆಚ್ಚಿದಾಗ ಸಿಕ್ಕು ಬಿಡಿಸಿಕೊಂಡು ಹರಿವಿನ ದಿಕ್ಕಿಗೆ ಮಲಗಿ ತೆಳ್ಳಗಾಗುವ ಸ್ವಭಾವದವು. ಪುಡಿ ಸೇರಿದ ಮೇಲೆ ಎರಡು ಕಣಗಳ ನಡುವಣ ಇಕ್ಕಟ್ಟಿನಲ್ಲಿ ದ್ರವ ಇನ್ನೂ ಬಿರುಸಾಗಿ ಜಾರಬೇಕಾದುದರಿಂದ ಈ ತೆಳ್ಳಗಾಗುವಿಕೆ ಬೇಗನೆ ಮೊದಲಾಗುತ್ತದೆ. ನಿಧಾನವಾಗಿ ಅಳೆದಾಗ ಪುಡಿಯಿದ್ದುದಕ್ಕೂ ಇಲ್ಲದುದಕ್ಕೂ ಅಜಗಜಾಂತರವಿದ್ದರೆ, ಅಚ್ಚಿನೊಳಕ್ಕೆ ರಭಸದಿಂದ ನುಗ್ಗುವಾಗ ಆ ಅಂತರ ಬಹುವಾಗಿ ಕಿರಿದಾಗಿರುತ್ತದೆ. ಪ್ರಯೋಗಶಾಲೆಯ ನಿಧಾನದ ಅಳತೆಯೊಂದನ್ನೇ ನಂಬಿ ಒಳ್ಳೆಯ ಮಿಶ್ರಣವೊಂದನ್ನು ‘ಇದು ಹರಿಯದು’ ಎಂದು ತಳ್ಳಿಹಾಕುವುದು ಅವಿವೇಕವಾದೀತು.

ಕಣಗಳ ಈ ಪರಸ್ಪರ ಮೋಹವನ್ನು ಬಿಡಿಸುವ ಉಪಾಯಗಳೂ ಇವೆ. ಸುಣ್ಣಕಲ್ಲಿನ ಪುಡಿಗೆ ಸ್ಟಿಯರಿಕ್ ಆಮ್ಲವೆಂಬ ಕೊಬ್ಬಿನ ಆಮ್ಲವನ್ನು ತೆಳ್ಳಗೆ ಸವರಿದರೆ ಕಣಗಳು ಒಂದಕ್ಕೊಂದು ಅಂಟದೆ ಪ್ಲಾಸ್ಟಿಕ್ಕಿನಲ್ಲಿ ಸಲೀಸಾಗಿ ಹರಡುತ್ತವೆ. ಪುಡಿಯ ಪ್ರಮಾಣ ಅಷ್ಟೇ ಇದ್ದರೂ ಸ್ನಿಗ್ಧತೆ ಇಳಿಯುತ್ತದೆ. ಈಚಿನ ಟೈರುಗಳಲ್ಲಿ ಮಸಿಯ ಬದಲು ಸಿಲಿಕವನ್ನು ಬಳಸುವುದುಂಟು. ಸಿಲಿಕದ ಕಣಗಳು ರಬ್ಬರಿಗಿಂತ ತಮ್ಮತಮ್ಮಲ್ಲೇ ಹೆಚ್ಚು ಬಿಗಿಯಾಗಿ ಅಂಟುವಂಥವು. ಸಿಲೇನ್ ಎಂಬ ಮಧ್ಯಸ್ಥ ರಾಸಾಯನಿಕ ಸೇರದಿದ್ದರೆ ಆ ಮಿಶ್ರಣವನ್ನು ಕಲಸುವುದೇ ದುಸ್ತರ.

ಕಲಸುವುದೆಂದೆವಲ್ಲವೆ; ಅದರಲ್ಲಿಯೂ ಒಂದು ಅಪಾಯ ಅಡಗಿದೆ. 1916ರಲ್ಲಿ ಫರ್ನ್‌ಲಿ ಬ್ಯಾನ್‌ಬರಿ ಎಂಬಾತನು ರೂಪಿಸಿದ, ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾದ ಯಂತ್ರ ರಬ್ಬರನ್ನೂ ಮಸಿಯನ್ನೂ ಮುಚ್ಚಿದ ಕೋಣೆಯಲ್ಲಿ ನಾದುತ್ತದೆ. ಸ್ನಿಗ್ಧತೆ ಹೆಚ್ಚಿದ್ದಷ್ಟೂ ಯಂತ್ರದ ಶ್ರಮವೆಲ್ಲ ಶಾಖವಾಗಿ ರಬ್ಬರಿನಲ್ಲಿಯೇ ಉಳಿಯುತ್ತದೆ. ರಬ್ಬರನ್ನು ಗಟ್ಟಿಗೊಳಿಸುವ ಗಂಧಕ ಆಗಲೇ ಅದರಲ್ಲಿದ್ದರೆ ಟೈರಿನ ಅಚ್ಚನ್ನು ಕಾಣುವ ಮುನ್ನವೇ ರಬ್ಬರು ಬೆಂದು ಕೆಡುತ್ತದೆ. ಅದಕ್ಕಾಗಿ ಮಸಿಯನ್ನು ಮೊದಲು ನಾದಿ, ತಣಿಸಿ, ಗಂಧಕವನ್ನು ಎರಡನೆಯ ಸರದಿಯಲ್ಲಿ ಮೆಲ್ಲನೆ ಸೇರಿಸುತ್ತಾರೆ.

ಪುಡಿಯಿಂದ ಒಂದು ಅನಿರೀಕ್ಷಿತ ಉಪಕಾರವೂ ಉಂಟು. ಕರಗಿದ ಪಾಲಿಮರು ಕಿರಿದಾದ ಬಾಯಿಂದ ಹೊರಬಂದೊಡನೆ ಬಾಯಿಯ ಅಳತೆಗಿಂತ ದಪ್ಪನಾಗಿ ಉಬ್ಬುತ್ತದೆ; ಇಕ್ಕಟ್ಟಿನಲ್ಲಿ ಎಳೆಸಿಕೊಂಡಿದ್ದ ಅಣುಗಳು ಮತ್ತೆ ಮುದುಡಿಕೊಳ್ಳುವುದೇ ಇದಕ್ಕೆ ಕಾರಣ. ಪುಡಿ ಸೇರಿದರೆ ಈ ಉಬ್ಬು ತಗ್ಗುತ್ತದೆ. ಕೊಳವೆಯ ಅಳತೆ ಕರಾರುವಾಕ್ಕಾಗಿ ಇರಬೇಕೆನ್ನುವವರಿಗೆ ಇದಕ್ಕಿಂತ ಬೇರೇನು ಬೇಕು?

ಗಾಜಿನ ತುಂಡೆಳೆಗಳ ಕಥೆ ಬೇರೆ. ಉದ್ದನೆಯ ಕಣವೊಂದು ಹರಿಯುವ ದ್ರವದಲ್ಲಿ ಹೇಗೆ ಚಲಿಸುತ್ತದೆ ಎಂಬುದನ್ನು 1922ರಲ್ಲಿ ಜೆಫ್ರಿ ಎಂಬ ಇಂಗ್ಲಿಷ್ ಗಣಿತಜ್ಞನು ಲೆಕ್ಕಹಾಕಿದನು. ಅದು ಲಾಗ ಹಾಕುತ್ತ ಸಾಗುತ್ತದೆ. ಆದರೆ ಬಹುಕಾಲ ಹರಿವಿನ ಉದ್ದಕ್ಕೆ ಮಲಗಿದ್ದು, ನಡುನಡುವೆ ಥಟ್ಟನೆ ಮಗುಚಿ ಮತ್ತೆ ಮಲಗುತ್ತದೆ. ಹಳ್ಳದ ನೀರಿನಲ್ಲಿ ತೇಲುವ ಹುಲ್ಲುಕಡ್ಡಿಗಳೆಲ್ಲ ಬಹುಮಟ್ಟಿಗೆ ಒಂದೇ ದಿಕ್ಕಿಗಿರುವುದನ್ನು ನಾವು ಕಂಡಿದ್ದೇವೆ. ಗಾಜೆಳೆ ತುಂಬಿದ ನೈಲಾನು ಅಚ್ಚಿನೊಳಕ್ಕೆ ನುಗ್ಗುವಾಗ ಗೋಡೆಯ ಬಳಿಯ ಎಳೆಗಳು ಹರಿವಿನ ದಿಕ್ಕಿಗೂ, ನಡುಭಾಗದವು ಹೆಚ್ಚಾಗಿ ಅಡ್ಡಕ್ಕೂ ನಿಲ್ಲುತ್ತವೆ. ಎಳೆ ಹೇಗೆ ಮಲಗಿತೋ ಹಾಗೆಯೇ ನೈಲಾನು ಆರಿ ಗಟ್ಟಿಯಾಗುತ್ತದೆ. ಅಂದರೆ, ಆ ಒಂದೆರಡು ಸೆಕೆಂಡುಗಳ ಹರಿವೇ ವಸ್ತುವಿನ ಜೀವಮಾನದ ಬಲವನ್ನು ನಿರ್ಣಯಿಸಿಬಿಡುತ್ತದೆ. ಅಚ್ಚಿನಲ್ಲಿ ಒಂದು ಕಂಬವಿದ್ದು ಹರಿವು ಎರಡಾಗಿ ಕವಲೊಡೆದು ಆಚೆ ಮತ್ತೆ ಕೂಡುವಲ್ಲಿ ಎರಡು ಕಡೆಯ ಎಳೆಗಳೂ ಕೂಡುಗೆರೆಯ ಉದ್ದಕ್ಕೆ ಮಲಗುತ್ತವೆಯೇ ಹೊರತು ಅದನ್ನು ದಾಟಿ ಹೊಲಿಗೆ ಹಾಕುವುದಿಲ್ಲ. ಇಂಥ ವಸ್ತು ಮುರಿದರೆ ಅಲ್ಲಿಯೇ ಮುರಿಯುವುದು ಹೆಚ್ಚು. ವಿನ್ಯಾಸಗಾರನು ಎಷ್ಟು ಗಾಜು ಹಾಕಿದೆನೆಂದು ಹೆಮ್ಮೆಪಡುವ ಮುನ್ನ ಅಚ್ಚಿನ ಬಾಯಿ ಎಲ್ಲಿದೆ ಎಂಬುದನ್ನು ನೋಡಿಕೊಳ್ಳಬೇಕು.

ಐನ್‌ಸ್ಟೈನನ ಸೂತ್ರವನ್ನೇ ತಲೆಕೆಳಗು ಮಾಡುವ ಒಂದು ಸಂಗತಿಯೂ ಬೆಳಕಿಗೆ ಬಂದಿದೆ. 2003ರಲ್ಲಿ ಅಮೆರಿಕದ ಮೈಕೇಲ್ ಮ್ಯಾಕೆ ಮತ್ತು ಸಂಗಡಿಗರು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿಗೆ ಅದೇ ಪದಾರ್ಥದಿಂದ ಮಾಡಿದ, ಅದರ ಅಣುಸುರುಳಿಗಿಂತಲೂ ಚಿಕ್ಕದಾದ ಕಣಗಳನ್ನು ಬೆರೆಸಿದರು. ಸ್ನಿಗ್ಧತೆ ಏರುವ ಬದಲು ಇಳಿಯಿತು! ಕಣಗಳು ಅಷ್ಟು ಚಿಕ್ಕವಾದಾಗ ಸುತ್ತಲಿನ ದ್ರವವನ್ನು ಅಖಂಡವೆಂದು ಭಾವಿಸುವ ಹಳೆಯ ಲೆಕ್ಕ ನಿಲ್ಲದು. ದಿನಬಳಕೆಯ ಪುಡಿಗಳಿಗೆ ಈ ಭಾಗ್ಯವಿಲ್ಲ.

ಈಗ ನಾವು ಹಿಂದೆ ಬಿಟ್ಟುಬಂದ ಗೋಡೆಗೆ ಮರಳೋಣ. ನೂರಕ್ಕೆ 64 ಪಾಲಿಗೆ ಹರಿವು ನಿಲ್ಲುವುದೆಂದು ಹೇಳಿದೆವು. ಆದರೆ ಆ ಗೋಡೆಯನ್ನು ದಾಟಲೇಬೇಕಾದ ಒಂದು ಕೆಲಸವುಂಟು. ಅದು ಘನ ಇಂಧನದ ರಾಕೆಟ್ಟನ್ನು ತುಂಬುವುದು.

1981ರಿಂದ 2011ರವರೆಗೆ ಹಾರಿದ ಅಮೆರಿಕದ ಬಾಹ್ಯಾಕಾಶ ಷಟಲ್ಲಿನ ಎರಡೂ ಪಕ್ಕದ ರಾಕೆಟ್ಟುಗಳಲ್ಲಿ ತಲಾ ಸುಮಾರು 500 ಟನ್ನು ಇಂಧನವಿರುತ್ತಿತ್ತು. ಅದರ ನೂರು ತೂಕದಲ್ಲಿ ಸುಮಾರು 70 ತೂಕ ಅಮೋನಿಯಂ ಪರ್‌ಕ್ಲೋರೇಟ್ ಎಂಬ ಉಪ್ಪಿನ ಹರಳು. ಅದು ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ಕೊಡುತ್ತದೆ. 16 ತೂಕ ಅಲ್ಯೂಮಿನಿಯಂ ಪುಡಿ. ಉಳಿದ ಸುಮಾರು 14 ತೂಕ ಮಾತ್ರ ರಬ್ಬರಿನಂಥ ಪಾಲಿಮರು. ಅದೇ ಇಂಧನವೂ ಹೌದು, ಎಲ್ಲವನ್ನೂ ಹಿಡಿದಿಡುವ ಅಂಟೂ ಹೌದು. ಜಾಗಕ್ಕೆ ಪರಿವರ್ತಿಸಿದರೆ ಗಟ್ಟಿ ಕಣಗಳು ಆಕ್ರಮಿಸಿದ ಪಾಲು ನೂರಕ್ಕೆ 73ರಷ್ಟು! ಗೋಡೆಯ ಆಚೆಗಿರುವ ಈ ಮಿಶ್ರಣವನ್ನು ದೋಸೆಯ ಹಿಟ್ಟಿನಂತೆ ಸುರಿದು, ಮನೆಯಷ್ಟು ಎತ್ತರದ ಉಕ್ಕಿನ ಕೋಶವನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಗುಳ್ಳೆಯೋ ಬಿರುಕೋ ಉಳಿದರೆ ಬೆಂಕಿ ಅದರೊಳಕ್ಕೆ ನುಗ್ಗುತ್ತದೆ. ಉರಿಯುವ ಮೈ ಒಮ್ಮೆಗೇ ಹೆಚ್ಚಿ, ಒಳಗಿನ ಒತ್ತಡ ಏರಿ, ಕೋಶವೇ ಒಡೆದುಹೋಗಬಹುದು.

ಇದಕ್ಕೆ ಕಂಡುಕೊಂಡ ಉಪಾಯವನ್ನು ನಮ್ಮ ಸಂತೆಯಲ್ಲಿಯೇ ನೋಡಬಹುದು. ಗಾಡಿಯ ತುಂಬ ತೆಂಗಿನಕಾಯಿ ಪೇರಿಸಿದ ಮೇಲೂ ಸಂದುಗಳಲ್ಲಿ ಅಡಕೆಯನ್ನು ಸುರಿಯಬಹುದು. ಅಡಕೆಯ ಸಂದಿನಲ್ಲಿ ರಾಗಿ ಹಿಡಿಯುತ್ತದೆ. ತೆಂಗಿನಕಾಯಿ 64 ಪಾಲು ತುಂಬಿದರೆ ಉಳಿದ 36ರಲ್ಲಿ ಅಡಕೆ ಮತ್ತೆ ನೂರಕ್ಕೆ 64ರಂತೆ, ಅಂದರೆ 23 ಪಾಲು ತುಂಬಬಲ್ಲುದು, ಒಟ್ಟು 87. ಹೀಗೆ ಎರಡು ಅಳತೆಗಳಿಂದಲೇ ಗೋಡೆ 64ರಿಂದ 87ರ ಕಡೆಗೆ ಸರಿಯಿತು. ಪೂರಾ 87 ಆಗಬೇಕಾದರೆ ಅಡಕೆ ತೆಂಗಿನಕಾಯಿಗಿಂತ ಬಹಳ ಚಿಕ್ಕದಾಗಿರಬೇಕು. ಆದರೆ ಕನಿಷ್ಠಪಕ್ಷ ಏಳರಲ್ಲೊಂದು ಅಳತೆಯದಾಗಿದ್ದರೂ ಲಾಭಕ್ಕೆ ಕೊರತೆಯಿಲ್ಲ. ಕಾಂಕ್ರೀಟಿನಲ್ಲಿ ಜಲ್ಲಿ, ಮರಳು, ಸಿಮೆಂಟುಗಳನ್ನು ಬೆರೆಸುವ ಮೇಸ್ತ್ರಿಯೂ ಇದನ್ನೇ ಮಾಡುತ್ತಾನೆ.

ರಾಕೆಟ್ಟಿನವರು ಹರಳುಪ್ಪನ್ನು ಹೀಗೆಯೇ ಎರಡು ಮೂರು ಅಳತೆಗಳಲ್ಲಿ ಆರಿಸುತ್ತಾರೆ. ದೊಡ್ಡ ಹರಳು ಒಂದು ಮಿಲಿಮೀಟರಿನ ಐದರಲ್ಲೊಂದು ಪಾಲಿನಷ್ಟು. ಚಿಕ್ಕದನ್ನು ಅದೇ ಹರಳನ್ನು ಅರೆದು ಮಾಡುತ್ತಾರೆ. ಇಲ್ಲಿ ಸೊಗಸಾದ ಸಂಗತಿಯೆಂದರೆ, ದೊಡ್ಡ ಹರಳಿನ ಒಂದು ಪಾಲನ್ನು ತೆಗೆದು ಅಷ್ಟೇ ಚಿಕ್ಕ ಹರಳನ್ನು ಹಾಕಿದರೆ ಒಟ್ಟು ಪುಡಿ ಕಡಮೆಯಾಗದಿದ್ದರೂ ಮಿಶ್ರಣ ತೆಳ್ಳಗಾಗುತ್ತದೆ. ಆದರೆ ಹರಿವಿನ ಸುಖವೊಂದನ್ನೇ ನೋಡಿ ಈ ಪಾಲನ್ನು ಗೊತ್ತುಮಾಡಲಾಗದು. ಚಿಕ್ಕ ಹರಳು ಹೆಚ್ಚಾದಷ್ಟೂ ಇಂಧನ ಬೇಗ ಉರಿಯುತ್ತದೆ. ರಾಕೆಟ್ಟಿಗೆ ಬೇಕಾದ ಉರಿಯುವ ವೇಗ ಒಂದು ಕಡೆಗೆ ಎಳೆದರೆ ಅಚ್ಚು ತುಂಬುವವನ ಅವಶ್ಯಕತೆ ಇನ್ನೊಂದು ಕಡೆಗೆ ಎಳೆಯಬಹುದು.

ನಮ್ಮ ದೇಶದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಮೊದಲ ಹಂತದಲ್ಲಿ ಇಂಥ ಇಂಧನ ಸುಮಾರು 138 ಟನ್ನು ಇದೆ, ಎಲ್.ವಿ.ಎಂ.3 ರಾಕೆಟ್ಟಿನ ಎರಡು ಪಕ್ಕದ ಮೋಟಾರುಗಳಲ್ಲಿ ತಲಾ 200 ಟನ್ನಿಗೂ ಹೆಚ್ಚು. ಇದರಲ್ಲಿನ ಪಾಲಿಮರು ಮೊದಲಿಗೆ ಜೇನಿನಂತೆ ಹರಿಯುವ ಒಂದು ಅಂಟುದ್ರವ. ಪುಡಿಗಳೆಲ್ಲ ಬೆರೆತಾದ ಮೇಲೆ ಐಸೊಸಯನೇಟ್ ಎಂಬ ರಾಸಾಯನಿಕವನ್ನು ಕೊನೆಯಲ್ಲಿ ಸೇರಿಸುತ್ತಾರೆ. ಅದು ಪಾಲಿಮರಿನ ಅಣುಗಳನ್ನು ಒಂದಕ್ಕೊಂದು ಕಟ್ಟಿ ರಬ್ಬರಾಗಿಸುತ್ತದೆ. ಅದು ಬಿದ್ದ ಕ್ಷಣದಿಂದ ಸ್ನಿಗ್ಧತೆ ಏರುತ್ತಲೇ ಇರುತ್ತದೆ. ಕೆಲವು ಗಂಟೆಗಳೊಳಗೆ ಕೋಶ ತುಂಬಿ ಮುಗಿಯಬೇಕು. ಕಲಸುವ ಯಂತ್ರ ಚಿಕ್ಕದಾದರೆ ಸರದಿಯ ಮೇಲೆ ಸರದಿ ಕಲಸಿ ಸುರಿಯಬೇಕಾಗುತ್ತದೆ. ಅದಕ್ಕಾಗಿಯೇ ಒಂದು ಸಲಕ್ಕೆ 10 ಟನ್ನು ಕಲಸಬಲ್ಲ ಯಂತ್ರವೊಂದನ್ನು ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯ ಸಹಯೋಗದಿಂದ ನಿರ್ಮಿಸಿ 2025ರ ಫೆಬ್ರವರಿಯಲ್ಲಿ ಇಸ್ರೋ ಸಂಸ್ಥೆಗೆ ಒಪ್ಪಿಸಲಾಯಿತು. ಯಂತ್ರದ ತೂಕವೇ ಸುಮಾರು 150 ಟನ್ನು.

ತಿಕ್ಕಾಟದ ಕಿಡಿಯೊಂದು ಸಾಕು ಹೊತ್ತಿಕೊಳ್ಳುವ ಪದಾರ್ಥವಾದುದರಿಂದ ಕಲಸುವಾಗ ಯಂತ್ರದ ಬಳಿ ಯಾರೂ ಇರುವುದಿಲ್ಲ. ದೂರದ ಕೋಣೆಯಿಂದ ಅದನ್ನು ನಡೆಸುತ್ತಾರೆ. ಅನಂತರ ಗಾಳಿಯನ್ನು ಹೀರಿ ತೆಗೆದ ಕೋಣೆಯಲ್ಲಿ ಆ ಬೂದುಬಣ್ಣದ ಹಿಟ್ಟನ್ನು ನಡುಗೂಟ ನಿಲ್ಲಿಸಿದ ಕೋಶದೊಳಕ್ಕೆ ಇಳಿಬಿಡುತ್ತಾರೆ. ಅದು ಹಲವು ದಿನ ಹದವಾದ ಬಿಸಿಯಲ್ಲಿ ಕುಳಿತು ರಬ್ಬರಾದ ಮೇಲೆ ನಡುಗೂಟವನ್ನು ಮೇಲಕ್ಕೆಳೆದು, ಒಳಗೆ ಎಲ್ಲಿಯಾದರೂ ಗುಳ್ಳೆ ಉಳಿದಿದೆಯೇ ಎಂದು ಎಕ್ಸ್‌ಕಿರಣಗಳಿಂದ ಅಂಗುಲ ಅಂಗುಲವಾಗಿ ಹುಡುಕುತ್ತಾರೆ.